ಉದ್ದ ಕಿವಿಯ ಎರ್ರೆಪ್ಪ

ಎರ್ರೆಪ್ಪ ಆ ಮೆಟ್ಟಿಲು ಹತ್ತಿದ್ದು ಆಟ ಆಡಲಿಕ್ಕಲ್ಲ, ತಂಪಿಗೆ.

ಬಳ್ಳಾರಿಗೆ ಅದಿರಿನ ಹುಚ್ಚು ಹಿಡಿದಿದ್ದ ಕಾಲ ಅದು. ಸಂಡೂರಿನ ಗುಡ್ಡಗಳಿಂದ ಕೆಂಪು ಮಣ್ಣು ಹೊತ್ತ ಲಾರಿಗಳು ಇರುವೆ ಸಾಲಿನಂತೆ ಹರಿಯುತ್ತಿದ್ದವು. ಎರ್ರೆಪ್ಪ ಅಂಥದೊಂದು ಲಾರಿಯ ಡ್ರೈವರ್. ಮೋಕದಲ್ಲಿ ಹುಟ್ಟಿದವನು, ಮೊದಲು ಸಿರುಗುಪ್ಪದ ರೈಸ್ ಮಿಲ್ಲುಗಳ ಅಕ್ಕಿ ಲಾರಿ ಓಡಿಸುತ್ತಿದ್ದ. ಅಕ್ಕಿ ಬಿಟ್ಟು ಅದಿರು ಹಿಡಿದ ಮೇಲೆ ಬಿಳಿ ಬನಿಯನ್ ಕೊಳ್ಳುವುದನ್ನೇ ಬಿಟ್ಟಿದ್ದ. ಅಂಗಡಿಯಲ್ಲಿ ಮೊದಲೇ ಕೆಂಪು ಬಣ್ಣದ್ದು ಕೇಳುತ್ತಿದ್ದ. ಎತ್ತಿನಂಥ ಹೆಗಲು, ಎರಡೂ ಕೆನ್ನೆಗೆ ಹರಡಿದ ಮೀಸೆ. ಮನೆ ಕುರುಗೋಡಿನಲ್ಲಿ. ಇದ್ದೊಬ್ಬ ಮಗಳು ಮದುವೆಯಾಗಿ ಆದೋನಿ ಸೇರಿದ್ದಳು. ಮನೆಯಲ್ಲಿ ಉಳಿದದ್ದು ಅವನು ಮತ್ತು ಹೆಂಡತಿ ದೊಡ್ಡಬಸಮ್ಮ.

ಆ ಬೇಸಿಗೆಯಲ್ಲಿ ಲಾರಿಯ ಪಾಟಾ ಮುರಿಯಿತು. ಗುಂಡಿ ಬಿದ್ದ ರಸ್ತೆಯಲ್ಲಿ ಅಷ್ಟು ಭಾರ ಹೊತ್ತು ಓಡಿದರೆ ಲಾರಿಯ ಕೆಳಗಿನ ಆ ಉಕ್ಕಿನ ಪಟ್ಟಿಗಳಾದರೂ ಎಷ್ಟು ದಿನ ತಡೆದಾವು? ಕೌಲ್ ಬಜಾರಿನ ಗ್ಯಾರೇಜಿನಲ್ಲಿ ಇಂಥ ಲಾರಿಗಳೇ ಸಾಲುಗಟ್ಟಿ ನಿಂತಿದ್ದವು. "ಸಂಜಿ ಬರ್ರಿ" ಎಂದ ಮೇಸ್ತ್ರಿ. ಹೊರಗೆ ಬಿಸಿಲು ಬಾಣಲೆಯ ಎಣ್ಣೆಯಂತೆ ಸಿಡಿಯುತ್ತಿತ್ತು. ಎದುರು ಕಟ್ಟಡದ ಕೆಳಗೆ ಕರೀಮಸಾಬರ ಜೀನ್ಸ್ ಹೊಲಿಯುವ ಯೂನಿಟ್ಟು. ಮೇಲೆ ಅವರ ಮಗ ಮುಬಶೀರನ ಕಂಪ್ಯೂಟರ್ ಗೇಮ್ ಸೆಂಟರ್. ಕಿಟಕಿಯಲ್ಲಿ ದೊಡ್ಡದೊಂದು ಕೂಲರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಎರ್ರೆಪ್ಪ ಅದನ್ನು ನೋಡಿಯೇ ಹತ್ತಿದ.

"ಮಾಮಾ, ಬರೇ ಕುಂದ್ರಂಗಿಲ್ಲ. ಕುಂತ್ರ ಆಡಬೇಕು," ಎಂದ ಮುಬಶೀರ್. ಇಪ್ಪತ್ತೇಳರ ಆಸುಪಾಸಿನ ತೆಳ್ಳನೆಯ ಯುವಕ, ನಗುಮುಖ.

"ನನಗೇನ್ ಬರ್ತೈತಿ ಅಳಿಯಾ? ಸ್ಟೇರಿಂಗ್ ಬಿಟ್ರ ಬ್ಯಾರೆ ಏನೂ ಹಿಡಿದಿಲ್ಲ ನಾನು."

"ಹಂಗಾದ್ರ ಗಾಡಿ ಓಡ್ಸೋ ಆಟ ಹಾಕ್ತೀನಿ."

"ಥೂ! ಅದಕ್ಕ ಇಲ್ಲಿಗ್ಯಾಕ ಬರ್ಬೇಕು? ಗಾಡಿ ಇಲ್ದಿದ್ದು ಏನರ ಐತೇನು?"

ಮುಬಶೀರ್ ಯೋಚಿಸಿ, ತಾನು ಬಿಡುವಾದಾಗ ಆಡುತ್ತಿದ್ದ ಆಟವನ್ನೇ ಹಾಕಿದ. ರಾಜರು, ರಾಕ್ಷಸರು, ಮಾಯ-ಮಂತ್ರದ ಲೋಕ. ನಾವೊಂದು ಪಾತ್ರ ಆರಿಸಿಕೊಳ್ಳಬೇಕು, ಇಬ್ಬರನ್ನು ಜತೆಗೆ ಕಟ್ಟಿಕೊಳ್ಳಬೇಕು, ಊರೂರು ಅಲೆದು ಕಡೆಗೆ ಒಬ್ಬ ದುಷ್ಟ ರಾಜನನ್ನು ಕೊಲ್ಲಬೇಕು. ಬರಹವೆಲ್ಲ ಇಂಗ್ಲಿಷಿನಲ್ಲಿ. ಮುಬಶೀರ್ ಓದಿ ಹೇಳುತ್ತ ಹೋದ.

"ಮೊದಲು ನಿನ್ನ ಕುಲ ಯಾವ್ದು ಅಂತ ಆರಿಸ್ಕೋಬೇಕು ಮಾಮಾ."

ಎರ್ರೆಪ್ಪ ಕುರ್ಚಿಯಲ್ಲಿ ನೆಟ್ಟಗಾದ. "ಕುಲ? ಅದನ್ನ ನಾವs ಆರಿಸ್ಕೋಬಹುದಾ?"

"ಹೂಂ ಮತ್ತ."

"ಹುಟ್ಟೂದಕ್ಕಿಂತ ಮುಂಚೇನs ಕೇಳ್ತಾರ! ಚಲೋ ಐತಿ ಬಿಡಪ್ಪ ಈ ಆಟ."

ತೆರೆಯ ಮೇಲೆ ನಾಲ್ವರು ನಿಂತಿದ್ದರು. ಮನುಷ್ಯ. ಮೊಳಕಾಲುದ್ದ ಗಡ್ಡದ ಕುಳ್ಳ. ಉದ್ದ ಕಿವಿಯ ಕಾಡುಜನದವನು. ಕೋರೆಹಲ್ಲಿನ ಅರೆರಾಕ್ಷಸ. ಬರುವ ಡ್ರೈವರುಗಳೆಲ್ಲ ಕಣ್ಣು ಮುಚ್ಚಿ ಅರೆರಾಕ್ಷಸನನ್ನೇ ಆರಿಸಿ, ಕೈಗೆ ದೊಡ್ಡ ಗದೆ ಹಿಡಿಸುತ್ತಿದ್ದರು. ಎರ್ರೆಪ್ಪನ ಮೈಕಟ್ಟು ನೋಡಿ ಮುಬಶೀರನ ಬೆರಳು ಆಗಲೇ ಅತ್ತ ಹೋಗಿತ್ತು.

"ತಡಿ. ಈ ಕುಳ್ಳಂದೇನು?"

"ಅವ್ರು ಗುಡ್ಡ ಅಗಿಯೋ ಮಂದಿ. ಮಣ್ಣು ಮೂಸಿ ನೋಡಿ ಒಳಗ ಕಬ್ಬಿಣ ಐತೋ ಇಲ್ಲೋ ಹೇಳ್ತಾರ."

"ಬ್ಯಾಡೋ ಮಾರಾಯಾ! ಮೂಗಿನಾಗ ಅದs, ಊಟದಾಗ ಅದs, ಆಟದಾಗೂ ಅದs ಆದ್ರ ಹೆಂಗ? ಈ ಉದ್ದ ಕಿವಿಯಾಂವ ಎಲ್ಲಿರ್ತಾನ?"

"ಕಾಡಿನಾಗ. ಗಿಡ, ಹಳ್ಳ, ನೆರಳು."

"ನೆರಳು ಅಂದ್ಯಾ? ಅವನs ನಾನು."

ಮುಂದಿನದು ಕಸುಬು. ಯೋಧ, ಬಿಲ್ಲುಗಾರ, ಮಾಂತ್ರಿಕ, ಕಳ್ಳ, ಗಾಯ ಮಾಯಿಸುವ ವೈದ್ಯ. ಎರ್ರೆಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಇದರಾಗ ಮೈ ಬಗ್ಗಿಸಿ ದುಡಿಯೋದು ಯಾವ್ದರಾಗ ಕಡಿಮಿ?" ಮಾಂತ್ರಿಕನಾದರೆ ಬೆರಳು ಅಲ್ಲಾಡಿಸಿದರೆ ಸಾಕು, ಬೆಂಕಿ ಬರುತ್ತದೆ ಎಂದ ಮುಬಶೀರ್. ಹುಟ್ಟಿದಾಗಿನಿಂದ ಎತ್ತುತ್ತ, ಎಳೆಯುತ್ತ, ನೂಕುತ್ತ ಬಂದಿದ್ದ ಎರ್ರೆಪ್ಪನಿಗೆ ಇದಕ್ಕಿಂತ ದೊಡ್ಡ ಸುಖ ಲೋಕದಲ್ಲಿ ಕಾಣಲಿಲ್ಲ. ಹೀಗೆ ಆ ಮೀಸೆಯ ಗಟ್ಟಿಯಾಳು ಕಡ್ಡಿಯಂಥ ಕೈಕಾಲಿನ, ಹೊಂಬಣ್ಣದ ಕೂದಲಿನ, ಉದ್ದ ಕಿವಿಯ ಮಾಂತ್ರಿಕನಾದ. ಊರ ಬಾಗಿಲು ದಾಟುತ್ತಲೇ ಒಂದು ಹೆಗ್ಗಣ ಕಚ್ಚಿ ಸತ್ತೂ ಹೋದ.

"ಅದಕ್ಕs ಜೋಡಿ ಮಂದಿ ಬೇಕು ಮಾಮಾ," ಎಂದು ಮುಬಶೀರ್ ಆಟವನ್ನು ಹಿಂದಕ್ಕೆ ತಂದು ಅವನನ್ನು ಛತ್ರವೊಂದಕ್ಕೆ ಕರೆದೊಯ್ದ. ಅಲ್ಲಿ ಜತೆಗೆ ಬರಲು ಸಿದ್ಧರಾಗಿ ಒಂದಿಷ್ಟು ಜನ ನಿಂತಿದ್ದರು. ಕಳ್ಳನನ್ನು ಕಂಡೊಡನೆ ಎರ್ರೆಪ್ಪ ತಲೆ ಕೊಡವಿದ. "ಗೊತ್ತಿದ್ದೂ ಗೊತ್ತಿದ್ದೂ ಯಾರರ ಕಳ್ಳನ್ನ ಗಾಡಿ ಹತ್ತಿಸ್ಕೋತಾರೇನು?" ಅವನ ಬದಲು ಒಂದು ಕರಡಿಯನ್ನು ಆರಿಸಿದ. ಕರಡಿಯಾದರೆ ದರೋಜಿ ಗುಡ್ಡದಲ್ಲಿ ಕಂಡ ಪ್ರಾಣಿ, ನಂಬಬಹುದು. ಇನ್ನೊಬ್ಬಳು ವೈದ್ಯೆ, ಅಗಲ ಮುಖ, ಸೊಂಟದ ಮೇಲೆ ಕೈ, 'ಎಲ್ಲಿಗಿ ಹೋಗಿದ್ದಿ ಇಷ್ಟೊತ್ತು' ಎನ್ನುವಂತಹ ನೋಟ. ಆಟದವರು ಅವಳಿಗೆ ಕೊಟ್ಟಿದ್ದ ಹೆಸರು ಎರ್ರೆಪ್ಪನ ನಾಲಿಗೆಗೆ ಹೊರಳಲಿಲ್ಲ.

"ಹೆಸರು ಬದಲಿ ಮಾಡಬಹುದು. ಏನಿಡ್ಲಿ?"

ಎರ್ರೆಪ್ಪ ಸುತ್ತಮುತ್ತ ನೋಡಿ, ದನಿ ತಗ್ಗಿಸಿ ಹೇಳಿದ: "ದೊಡ್ಡಬಸಮ್ಮ ಅಂತ ಬರಿ."

ಮನೆಯಲ್ಲಿ ಅವನು ಹೆಂಡತಿಯನ್ನು ಹೆಸರು ಹಿಡಿದು ಕರೆದವನೇ ಅಲ್ಲ. 'ಏಯ್', 'ಕೇಳ್ತೇನು', 'ಎಲ್ಲದೀ' ಇಷ್ಟರಲ್ಲೇ ಸಂಸಾರ ನಡೆದಿತ್ತು. ಮುಬಶೀರನ ಅಂಗಡಿಯಲ್ಲಿ ಮಾತ್ರ "ದೊಡ್ಡಬಸಮ್ಮಾ, ಹಿಂದ ಸರಿ! ದೊಡ್ಡಬಸಮ್ಮಾ, ಇತ್ತಾಗ ಬಾ!" ಎಂದು ಕೂಗತೊಡಗಿದ. ಕೆಳಗೆ ಹೊಲಿಗೆ ಯಂತ್ರಗಳ ಮುಂದೆ ಕುಳಿತವರಿಗೂ ಅದು ಕೇಳಿಸುತ್ತಿತ್ತು.

ಲಾರಿ ರಿಪೇರಿಯಾದರೂ ಅವನು ಬರುವುದನ್ನು ಬಿಡಲಿಲ್ಲ. ಪರ್ಮಿಟ್ಟಿಗೆ ಕಾಯಬೇಕಾದಾಗ, ಲೋಡು ತಡವಾದಾಗ ಕೌಲ್ ಬಜಾರಿನ ಮೆಟ್ಟಿಲು ಹತ್ತುತ್ತಿದ್ದ. ಹೀಗೆ ಆಡುತ್ತ ಒಂದು ಮಧ್ಯಾಹ್ನ ಮೂವರೂ ಒಂದು ಗವಿ ಹೊಕ್ಕರು. ಒಳಗೊಂದು ಬೀಗ ಹಾಕಿದ ಬಾಗಿಲು. ಬೀಗ ತೆಗೆಯುವ ಕಳ್ಳ ಜತೆಗಿಲ್ಲ. ಕರಡಿ ಬಾಗಿಲು ಗುದ್ದಿತು. ಸೂರು ಕಳಚಿ ಎಮ್ಮೆ ಗಾತ್ರದ ಜೇಡವೊಂದು ಇಳಿಯಿತು. ಎರ್ರೆಪ್ಪ ಬೆಂಕಿ ಎಸೆದ, ಕಚ್ಚಿಸಿಕೊಂಡ. ದೊಡ್ಡಬಸಮ್ಮ ಗಾಯ ಮಾಯಿಸಿದಳು. ಮತ್ತೆ ಕಚ್ಚಿಸಿಕೊಂಡ, ಮತ್ತೆ ಮಾಯಿಸಿದಳು. ಕಡೆಗೆ ಜೇಡ ಅವಳನ್ನೇ ಕಚ್ಚಿತು. ಅವಳಲ್ಲಿ ಶಕ್ತಿ ಒಂದು ಹನಿಯೂ ಉಳಿದಿರಲಿಲ್ಲ.

"ಎಲ್ಲಾ ನಿನಗs ಖರ್ಚು ಮಾಡಿದ್ಳು ಮಾಮಾ," ಎಂದ ಮುಬಶೀರ್. "ಇರ್ಲಿ, ಹಿಂದಿನ ಆಟ ಉಳಿಸಿಟ್ಟೀನಿ, ನಾಳೆ ಮತ್ತ ಅಲ್ಲಿಂದ ಶುರು ಮಾಡೂಣು."

ಎರ್ರೆಪ್ಪನ ಕಿವಿಗೆ ಅದು ಬೀಳಲಿಲ್ಲ. ಕೆಳಗಿಳಿದು ಲಾರಿಯ ನೆರಳಿನಲ್ಲಿ ಕುಳಿತ. ಆಗಲೇ ಹಳೆಯ ಗೆಳೆಯ ಕೊಟ್ಟೂರಪ್ಪನ ಫೋನು ಬಂತು. ಕೊಟ್ಟೂರಪ್ಪ ಇನ್ನೂ ಸಿರುಗುಪ್ಪದಲ್ಲೇ ಅಕ್ಕಿ ಲಾರಿ ಓಡಿಸುತ್ತಿದ್ದ.

"ಯಾಕಲೇ, ದನಿ ಸಣ್ಣಗಾಗೈತಿ?"

"ದೊಡ್ಡಬಸಮ್ಮ ಹೋದ್ಲೋ ಕೊಟ್ಟೂರಾ. ಗವಿಯಾಗ ಕಡಿಸ್ಕೊಂಡು ಹೋದ್ಲು. ನನ್ನ ಉಳಿಸಾಕ ಹೋಗಿ..."

ಅಷ್ಟಕ್ಕೆ ಫೋನಿನ ಚಾರ್ಜು ಮುಗಿಯಿತು.

ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ದೊಡ್ಡಬಸಮ್ಮನ ಅಣ್ಣ ಸುಂಕಣ್ಣ ಮೂಟೆಗಳಿಗೆ ಗುರುತು ಹಾಕುತ್ತ ನಿಂತಿದ್ದ. ಕೊಟ್ಟೂರಪ್ಪ ಓಡಿಹೋಗಿ ವಿಷಯ ಮುಟ್ಟಿಸಿದ. ಗವಿಯಲ್ಲಿ ಕಡಿಯುವುದೆಂದರೆ ಹಾವೇ ಇರಬೇಕೆಂದು ತನ್ನದೊಂದು ಹಾವನ್ನೂ ಸೇರಿಸಿದ. ಸುಂಕಣ್ಣ ಹೆಂಡತಿ ವೀರಭದ್ರಮ್ಮನನ್ನೂ ಓಣಿಯ ಜನರನ್ನೂ ಟೆಂಪೋದಲ್ಲಿ ತುಂಬಿಕೊಂಡು, ದಾರಿಯಲ್ಲಿ ದೊಡ್ಡದೊಂದು ಹೂವಿನ ಹಾರ ಕೊಂಡು ಕುರುಗೋಡಿಗೆ ಹೊರಟ.

ದೊಡ್ಡಬಸಮ್ಮ ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದಳು. ಟೆಂಪೋ ನಿಂತಿತು. ಒಳಗಿಂದ ತವರಿನವರೆಲ್ಲ ಗೋಳೋ ಎನ್ನುತ್ತ ಇಳಿದರು. ಅವಳು ಕೈಯಲ್ಲಿದ್ದ ಮೆಣಸಿನಕಾಯಿ ಬಿಸುಟಳು. ತವರಲ್ಲಿ ಯಾರೋ ಹೋಗಿದ್ದಾರೆ! ವಿಚಾರಿಸುವ ಮೊದಲೇ ಬಾಯಿ ಬಡಿದುಕೊಂಡು ಓಡಿ ವೀರಭದ್ರಮ್ಮನ ಕೊರಳು ತಬ್ಬಿದಳು. ವೀರಭದ್ರಮ್ಮ ಕಣ್ಣುಮುಚ್ಚಿ ಹಾಡಿಕೊಂಡು ಅಳುತ್ತಿದ್ದವಳು, ಅಪ್ಪಿದವರು ಯಾರೆಂದು ನೋಡದೆ ತಾನೂ ತಬ್ಬಿ ಅತ್ತಳು. ಇಬ್ಬರೂ ಚೆನ್ನಾಗಿ ಒಂದು ಸುತ್ತು ಅತ್ತ ಮೇಲೆ ದೊಡ್ಡಬಸಮ್ಮ ಕೇಳಿದಳು:

"ಅತ್ತಿಗೀ, ಯಾರು ಹೋದ್ರು?"

"ನಮ್ಮ ದೊಡ್ಡಬಸಿ ಹೋದ್ಲವ್ವಾ..." ಎಂದು ರಾಗ ಎಳೆಯುತ್ತ ಕಣ್ಣು ಬಿಟ್ಟ ವೀರಭದ್ರಮ್ಮ, ಚೀರಿ ಹಿಂದಕ್ಕೆ ಹಾರಿ ಮೆಣಸಿನಕಾಯಿ ರಾಶಿಯ ಮೇಲೆ ಕುಳಿತಳು.

ಬಂದವರಿಗೆಲ್ಲ ಚಹಾ ಮಾಡಿಕೊಡುವಷ್ಟರಲ್ಲಿ ದೊಡ್ಡಬಸಮ್ಮನಿಗೆ ಸಾವಿನ ವರದಿ ಪೂರ್ತಿ ಸಿಕ್ಕಿತು. ಸಂಜೆ ಬಂದ ಎರ್ರೆಪ್ಪ ಬಾಗಿಲಲ್ಲಿ ಹಾರ ಹಿಡಿದು ನಿಂತ ಭಾವನನ್ನು ಕಂಡು ತನಗೇನೋ ಸನ್ಮಾನವೆಂದುಕೊಂಡ. ಆಮೇಲೆ ನಡೆದದ್ದು ಸನ್ಮಾನವಲ್ಲ. ಅವನು ತಲೆ ತಗ್ಗಿಸಿ, ಕರಡಿಯಿಂದ ಜೇಡದವರೆಗೆ ಎಲ್ಲವನ್ನೂ ಒಪ್ಪಿಸಿದ.

ದೊಡ್ಡಬಸಮ್ಮ ಎಲ್ಲ ಕೇಳಿಸಿಕೊಂಡಳು. ಬಯ್ಯುತ್ತ ಬಯ್ಯುತ್ತ ನಡುವೆ ಒಮ್ಮೆ ನಿಲ್ಲಿಸಿ, "ಅಷ್ಟ್ ಮಂದಿ ಮುಂದ ನನ್ನ ಹೆಸರು ಹಿಡಿದು ಕರದ್ಯಾ?" ಎಂದಳು.

"ಆಟದಾಗ..."

"ನಾಳೆ ಕರಕೊಂಡು ನಡಿ. ನಾನು ಎಲ್ಲಿ ಸತ್ತೀನಿ ನೋಡ್ಬೇಕು."

ಮರುದಿನ ಅವಳು ಬಂದಾಗ ಮುಬಶೀರ್ ಎದ್ದುನಿಂತು, "ಬರ್ರಿ ಅತ್ತಿ" ಎಂದು ಕುರ್ಚಿ ಒರೆಸಿದ. ತಂಗಿಯ ಜತೆ ಬಂದಿದ್ದ ಸುಂಕಣ್ಣ ಹಿಂದೆ ನಿಂತ. ಮುಬಶೀರ್ ಉಳಿಸಿಟ್ಟ ಆಟ ತೆರೆದು ಗವಿಯ ಬಾಯಲ್ಲಿ ನಿಂತ ಮೂವರನ್ನೂ ತೋರಿಸಿದ. ಉದ್ದ ಕಿವಿಯ ಗಂಡನನ್ನು ಕಂಡು ದೊಡ್ಡಬಸಮ್ಮ ಸೆರಗು ಬಾಯಿಗಿಟ್ಟುಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ತನ್ನನ್ನು ನೋಡಿಕೊಂಡಳು.

"ನಾನ್ಯಾಕ ಹಿಂದ ನಿಂತೀನಿ?"

"ಅವ್ರಿಗಿ ಗಾಯ ಆದ್ರ ಮಾಯ್ಸೋದು ನಿಮ್ಮ ಕೆಲಸ ಅತ್ತಿ."

"ಮನ್ಯಾಗೂ ಅದs, ಇಲ್ಲೂ ಅದs. ತಗಿ ಇದನ್ನ. ಹೊಸಾದು ಹಚ್ಚು, ನಾನು ಆರಿಸ್ತೀನಿ."

ಅವಳಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಕೋರೆಹಲ್ಲಿನ ಅರೆರಾಕ್ಷಸಿಯನ್ನು ನೋಡಿ, "ಈಕಿ ಚಲೋ ಅದಾಳ. ನಲ್ಲಿ ಹತ್ರ ಯಾರೂ ಸಾಲು ಮುರಿಯಂಗಿಲ್ಲ," ಎಂದಳು. ಕಸುಬು ಯೋಧ. ಕೈಗೆ ಇಬ್ಬಾಯಿ ಕೊಡಲಿ. ಜತೆಗೆ ಕಳ್ಳನನ್ನು ಕರೆದುಕೊಂಡಳು. ಎರ್ರೆಪ್ಪ ಕರಡಿಗಾಗಿ ಅಂಗಲಾಚಿದ.

"ಕಳ್ಳ ಆದ್ರ ಬೀಗ ತಗೀತಾನ, ಮ್ಯಾಲೊಂದು ಕಣ್ಣಿಟ್ರ ಆತು. ಕರಡಿಗಿ ಅಡಗಿ ಮಾಡೋರು ಯಾರು?"

ಉಳಿದದ್ದು ವೈದ್ಯನ ಜಾಗ. ಅವಳು ಗಂಡನತ್ತ ನೋಡಿದಳು. ಎರ್ರೆಪ್ಪ ನಿಟ್ಟುಸಿರು ಬಿಟ್ಟ. ಮುಬಶೀರ್ ಕೀಬೋರ್ಡಿನ ಮೇಲೆ ಬೆರಳಿಟ್ಟು, "ಇವ್ರ ಹೆಸರು ಏನ್ ಬರೀಲಿ ಅತ್ತಿ?" ಎಂದು ಕೇಳಿದ.

ದೊಡ್ಡಬಸಮ್ಮ ನಾಚಿದಳು. ಗಂಡನ ಹೆಸರು ಬಾಯಿಬಿಟ್ಟು ಹೇಳುವುದುಂಟೆ? "ನಮ್ಮ ಮನಿಯೋರು," ಎಂದಳು. ಮುಬಶೀರ್ ಹಾಗೇ ಬರೆದ. ಅಂದಿನಿಂದ ಆ ಲೋಕದಲ್ಲಿ ಎರ್ರೆಪ್ಪ 'ಮನಿಯೋರು' ಆದ.

ಮೊದಲ ದಿನ ಅವಳು ಮೌಸು ಹಿಡಿಯಲು ಬಾರದೆ ಗೋಡೆಗೇ ಕೊಡಲಿ ಬೀಸಿದಳು. ಗವಿಗೆ ಹೋಗುವ ಮೊದಲು ಹಳ್ಳಿಗಳಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸಿದಳು. ಒಬ್ಬಳ ಕಳೆದ ಮೇಕೆ ಹುಡುಕಿಕೊಟ್ಟಳು, ಇನ್ನೊಬ್ಬಳ ಕುಡುಕ ಗಂಡನನ್ನು ಛತ್ರದಿಂದ ಎಳೆದು ತಂದಳು. ಕೆಳಗಿನ ಯೂನಿಟ್ಟಿನಿಂದ ಕರೀಮಸಾಬರು ಅವಳಿಗೆ ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸುವ ಕೆಲಸ ಮನೆಗೆ ಕೊಟ್ಟರು. ವಾರಕ್ಕೊಮ್ಮೆ ಗಂಟು ಹೊತ್ತು ಬಳ್ಳಾರಿಗೆ ಬರಲು ನೆಪವಾಯಿತು. ಮಳೆಗಾಲದ ಹೊತ್ತಿಗೆ ಮೂವರೂ ಜೇಡದ ಗವಿಗೆ ಬಂದರು. ಕಳ್ಳ ಬೀಗ ತೆಗೆದ. ಜೇಡ ಇಳಿಯಿತು. ದೊಡ್ಡಬಸಮ್ಮ ಮುಂದೆ ನಿಂತು ಕಡಿಸಿಕೊಂಡಳು; ಪಕ್ಕದ ಕುರ್ಚಿಯಲ್ಲಿದ್ದ ಎರ್ರೆಪ್ಪ, "ಈಗ ಮಾಯ್ಸು! ಈಗ!" ಎಂದು ವೈದ್ಯನ ಕೀಲಿ ಒತ್ತುತ್ತಿದ್ದ ಮುಬಶೀರನ ಭುಜ ಹಿಸುಕಿದ. ಜೇಡ ಸೀದಾ ವೈದ್ಯನ ಮೇಲೆ ನೆಗೆದಾಗ ದೊಡ್ಡಬಸಮ್ಮನ ಬಾಯಿಂದ, "ಎರ್ರೆಪ್ಪಾ, ಹಿಂದ ಸರಿಯೋ!" ಎಂಬ ಕೂಗು ಹೊರಬಿತ್ತು. ಕೊಡಲಿ ಬಿತ್ತು. ಜೇಡ ಸತ್ತಿತು. ಅಂಗಡಿಯವರೆಲ್ಲ ಚಪ್ಪಾಳೆ ತಟ್ಟಿದರು. ಅವಳು ನಾಲಿಗೆ ಕಚ್ಚಿಕೊಂಡು ಮುಖ ಮುಚ್ಚಿಕೊಂಡಳು. ಎರ್ರೆಪ್ಪ ಮೀಸೆ ತಿರುವುತ್ತ ಗೋಡೆ ನೋಡಿದ.

ಕೆಲವು ವರ್ಷಗಳಲ್ಲಿ ಗಣಿಗಳು ನಿಂತವು. ಲಾರಿಗಳು ಬೈಪಾಸಿನಲ್ಲಿ ತುಕ್ಕು ಹಿಡಿದವು. ಎರ್ರೆಪ್ಪ ಸಿರುಗುಪ್ಪದ ಅಕ್ಕಿ ಲಾರಿಗೆ ಮರಳಿದ. ಅದರಿಂದ ಅವನಿಗೆ ಅಷ್ಟೇನೂ ದುಃಖವಾಗಲಿಲ್ಲ. ಮುಬಶೀರ್ ಸೆಂಟರ್ ಮುಚ್ಚಿ ಮೊಬೈಲ್ ಅಂಗಡಿ ಇಟ್ಟ. ಹೋಗುವಾಗ ಹಳೆಯದೊಂದು ಕಂಪ್ಯೂಟರನ್ನು ತಾನೇ ಆಟೋದಲ್ಲಿ ಹಾಕಿಕೊಂಡು ಬಂದು ಕುರುಗೋಡಿನ ಮನೆಯಲ್ಲಿ ಜೋಡಿಸಿಕೊಟ್ಟ. ಕರೆಂಟು ಇದ್ದಾಗ ಗಂಡಹೆಂಡಿರು ಆಡುತ್ತಾರೆ, ಇಲ್ಲದಾಗ ಮುಂದೆಲ್ಲಿಗೆ ಹೋಗಬೇಕೆಂದು ಜಗಳಾಡುತ್ತಾರೆ.

ಸುಂಕಣ್ಣನಿಗೂ ಅದರ ರುಚಿ ಹತ್ತಿದೆ. ಬಿಡುವು ಸಿಕ್ಕಾಗ ಸಿರುಗುಪ್ಪದಿಂದ ಬಸ್ಸು ಹಿಡಿದು ಬರುತ್ತಾನೆ. ಬಂದವನು ಪಾತ್ರ ಆರಿಸಲು ಕೂರುತ್ತಾನೆ. ಕುಳ್ಳನಾಗುತ್ತಾನೆ, ಬೇಡವೆನ್ನುತ್ತಾನೆ. ಮನುಷ್ಯನಾಗುತ್ತಾನೆ, ಗಡ್ಡ ಬಿಡುತ್ತಾನೆ, ಗಡ್ಡ ತೆಗೆಯುತ್ತಾನೆ. ಬಿಲ್ಲುಗಾರನಿಗೆ ಹಸಿರು ರುಮಾಲು ಚೆನ್ನೋ ಹಳದಿಯೋ ಎಂದು ತಂಗಿಯನ್ನು ಕೇಳುತ್ತಾನೆ. ಒಳಗೆ ರೊಟ್ಟಿ ಬಡಿಯುತ್ತ ಅವಳು "ಹಳದಿ" ಎನ್ನುತ್ತಾಳೆ. ಅಷ್ಟರಲ್ಲಿ ಕಡೆಯ ಬಸ್ಸಿನ ಹೊತ್ತಾಗುತ್ತದೆ. ಸುಂಕಣ್ಣ ಇವತ್ತಿನವರೆಗೂ ಆಟ ಶುರು ಮಾಡಿಲ್ಲ. ಆದರೂ ಬಸ್ಸಿನಲ್ಲಿ ಪಕ್ಕ ಕುಳಿತವರಿಗೆ, "ಭಾಳ ಚಲೋ ಆಟ ರೀ ಅದು" ಎಂದು ಹೇಳುತ್ತ ಹೋಗುತ್ತಾನೆ.