ನಾನು ಕೇಳದೇ ಹೋದ ಒಪ್ಪಿಗೆ

ಶಮೀಮ್‌ಳ ಮನೆಗೆ ನಾನು ಹೋಗಿಯೇ ಇರಲಿಲ್ಲ. ಕೇಳಿದೆ, ಮನೆಯವರು ಒಪ್ಪಲಿಲ್ಲ — ಎಂದು ಹೆಡ್‌ಮಿಸ್ಟ್ರೆಸ್ ಮುಂದೆ ನಿಂತು ಹೇಳಿದ್ದು ಸುಳ್ಳು. ಮಾರನೆಯ ದಿನ ಅದೇ ಹುಡುಗಿಗೆ ಇನ್ನೊಂದು ಸುಳ್ಳು ಹೇಳಿದೆ. ಮೊದಲನೆಯದು ಅವಳಿಂದ ಒಂದು ಅವಕಾಶವನ್ನು ಕಿತ್ತುಕೊಂಡಿತು. ಎರಡನೆಯದು ಕಿತ್ತುಕೊಂಡದ್ದಕ್ಕೆ ಏನೆನ್ನಬೇಕೋ ಈ ವಯಸ್ಸಿನಲ್ಲೂ ನನಗೆ ತಿಳಿಯುತ್ತಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಯಶವಂತಪುರದ ಕಡೆಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಪಿ.ಟಿ. ಮಿಸ್ ಆಗಿದ್ದೆ. ಮನೆ ಮತ್ತಿಕೆರೆಯಲ್ಲಿ. ಹೊಸದಾಗಿ ಮದುವೆಯಾಗಿತ್ತು. ಅತ್ತೆಯ ಎದುರು ಕ್ಯಾನ್ವಾಸ್ ಶೂ ಹಾಕಿಕೊಳ್ಳಲು ಧೈರ್ಯವಿಲ್ಲದೆ ಚೀಲದಲ್ಲಿ ಮುಚ್ಚಿಟ್ಟುಕೊಂಡು ಹೋಗಿ ಶಾಲೆಯಲ್ಲಿ ಹಾಕಿಕೊಳ್ಳುತ್ತಿದ್ದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸೀಟಿ ಊದುವ ಹೆಂಗಸನ್ನು ನೋಡಲು ಕಾಂಪೌಂಡಿನ ಆಚೆ ಜನ ನಿಲ್ಲುತ್ತಿದ್ದ ಕಾಲ. ಇದನ್ನು ಸಬೂಬಿಗಾಗಿ ಹೇಳುತ್ತಿಲ್ಲ. ಆಡಬೇಡ ಎಂದು ತಡೆದರೆ ಹೆಣ್ಣಿಗೆ ಎಲ್ಲಿ ನೋಯುತ್ತದೆ ಎಂದು ಚೆನ್ನಾಗಿ ಬಲ್ಲವಳೇ ನಾನಾಗಿದ್ದೆ — ಅದನ್ನು ಹೇಳುವುದಕ್ಕೆ.

ಶಮೀಮ್ ಒಂಬತ್ತನೇ ತರಗತಿಯಲ್ಲಿದ್ದಳು. ಅವಳ ತಂದೆ ಯಶವಂತಪುರದ ರೈಲ್ವೆ ಸ್ಟೇಷನ್ ಮುಂದೆ ಜಟಕಾ ಗಾಡಿ ಓಡಿಸುತ್ತಿದ್ದರು. ಬಿಳಿ ದುಪಟ್ಟಾವನ್ನು ಹೆಗಲಿನಿಂದ ಸೊಂಟಕ್ಕೆ ಅಡ್ಡಲಾಗಿ ಬಿಗಿದು ಕಟ್ಟಿದಳೆಂದರೆ ಖೋ ಖೋ ಆಟಕ್ಕೆ ಸಿದ್ಧಳಾದಳು ಎಂದೇ ಅರ್ಥ. ಅಟ್ಟಿಸಿಕೊಂಡು ಹೋಗುವವಳು ದಿಕ್ಕು ಬದಲಿಸಬೇಕಾದರೆ ಅಂಕಣದ ತುದಿಯ ಕಂಬವನ್ನು ಸುತ್ತಿಯೇ ಬರಬೇಕು. ಉಳಿದವರು ಅಲ್ಲಿ ಒಂದು ಕ್ಷಣ ತಡವರಿಸುತ್ತಿದ್ದರು. ಶಮೀಮ್ ಕಂಬಕ್ಕೆ ಒಂದು ಕೈ ಕೊಟ್ಟು, ಮೈಯನ್ನು ನೆಲದತ್ತ ಬಾಗಿಸಿ, ಗಾಳಿಯಂತೆ ತಿರುಗಿಬಿಡುತ್ತಿದ್ದಳು. ನೋಡುತ್ತಿದ್ದ ನಾನು ಎಷ್ಟೋ ಸಲ ಸೀಟಿ ಊದುವುದನ್ನೇ ಮರೆತದ್ದುಂಟು.

ಆದರೆ ಅವಳ ದೊಡ್ಡ ಗುಣ ಅದಲ್ಲ. ತಂಡ ಆರಿಸುವಾಗ ಯಾರಿಗೂ ಬೇಡವಾಗಿ ಕೊನೆಗೆ ಉಳಿಯುತ್ತಿದ್ದ ಒಬ್ಬ ದಪ್ಪ ಹುಡುಗಿ ಇದ್ದಳು. ಶಮೀಮ್ ಅವಳನ್ನು ಮೊದಲೇ ಕರೆಯುತ್ತಿದ್ದಳು. "ಅವಳ ದನಿ ಕೇಳಿ ಮಿಸ್, ಖೋ ಅಂದ್ರೆ ಸ್ಟೇಷನ್ ತನಕ ಕೇಳ್ಸುತ್ತೆ. ಅವಳು ನಂಗೆ ಬೇಕು," ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ಆ ಹುಡುಗಿಯೂ. ಎರಡೇ ತಿಂಗಳಲ್ಲಿ ಆ ಹುಡುಗಿ ನಮ್ಮ ತಂಡದ ಗಟ್ಟಿ ಆಟಗಾರ್ತಿಯಾದಳು. ಅವಳನ್ನು ಹಾಗೆ ಮಾಡಿದ್ದು ನಾನಲ್ಲ, ಶಮೀಮ್.

ಆ ವರ್ಷ ಜಿಲ್ಲಾ ತಂಡದ ಆಯ್ಕೆ ನಡೆಯಿತು. ಕೆಲವು ದಿನಗಳ ನಂತರ ಪಟ್ಟಿ ಶಾಲೆಗೆ ಬಂತು. ಮೊದಲ ಹೆಸರೇ ಶಮೀಮ್‌ಳದು. ಪಕ್ಕದಲ್ಲಿ ಪೆನ್ನಿನಿಂದ 'ಕ್ಯಾಪ್ಟನ್' ಎಂದು ಬರೆದಿತ್ತು. ಮೈಸೂರಿನಲ್ಲಿ ಹತ್ತು ದಿನದ ತರಬೇತಿ, ಆಮೇಲೆ ಪಂದ್ಯ. ಹೆತ್ತವರ ಒಪ್ಪಿಗೆ ಪತ್ರ ಬೇಕು.

ಹಿಂದಿನ ವರ್ಷ ಒಂದು ಗಲಾಟೆಯಾಗಿತ್ತು. ಆಟದಲ್ಲಿ ಮೊಣಕಾಲು ಒಡೆದುಕೊಂಡ ಹುಡುಗಿಯೊಬ್ಬಳ ಚಿಕ್ಕಪ್ಪ ಶಾಲೆಗೆ ಬಂದು, ಎಲ್ಲರ ಮುಂದೆ ನನ್ನ ಮೇಲೆ ಕೂಗಾಡಿದ್ದ — ನಮ್ಮ ಜಾತಿಯವನೇ, ನಮ್ಮ ಬೀದಿಯವನೇ. ಇನ್ನೊಂದು ದೂರು ಬಂದರೆ ಆಟದ ಪೀರಿಯಡ್ಡನ್ನೇ ತೆಗೆದುಬಿಡುತ್ತೇನೆಂದು ಹೆಡ್‌ಮಿಸ್ಟ್ರೆಸ್ ಎಚ್ಚರಿಸಿದ್ದರು. ಈಗ ಅವರು ಪಟ್ಟಿಯನ್ನು ನೋಡಿ ತಲೆ ಎತ್ತಿದರು.

"ಈ ಮನೆಯವ್ರು ಕಳಿಸ್ತಾರೇನ್ರೀ? ಕೇಳಿದ್ರಾ?"

ಬೆಳಿಗ್ಗೆ ಮಗಳನ್ನು ಬಿಡಲು ಬರುತ್ತಿದ್ದ ಶಮೀಮ್‌ಳ ತಾಯಿ ನನ್ನ ಕಣ್ಣ ಮುಂದೆ ಬಂದರು — ಕಪ್ಪು ಬುರ್ಖಾ, ಗೇಟಿನಿಂದ ಒಳಗೆ ಒಂದು ಹೆಜ್ಜೆಯನ್ನೂ ಇಡುತ್ತಿರಲಿಲ್ಲ. ನಾನು ಎಂದೂ ಮಾತನಾಡಿಸದ ಹೆಂಗಸು. ಅಷ್ಟೇ ಸಾಕಾಯಿತು ನನಗೆ.

"ಕೇಳ್ದೆ ಮೇಡಂ. ಒಪ್ಪಲ್ಲ ಅಂದ್ರು."

ಎರಡೇ ಮಾತು. ಅವರು ನಿಟ್ಟುಸಿರು ಬಿಟ್ಟು, ಆ ಹೆಸರಿನ ಮೇಲೆ ಗೆರೆ ಎಳೆದರು. ಶಮೀಮ್‌ಳ ಮನೆ ಶಾಲೆಯಿಂದ ಹತ್ತು ನಿಮಿಷದ ದಾರಿ. ಆ ಸಂಜೆಯಾದರೂ ಹೋಗಬಹುದಿತ್ತು. ಹೇಗೂ ಬೇಡ ಎನ್ನುತ್ತಾರೆ, ಹೋಗಿ ಅನ್ನಿಸಿಕೊಂಡು ಬರುವುದೇಕೆ — ಎಂದುಕೊಂಡು ಮತ್ತಿಕೆರೆಯ ದಾರಿ ಹಿಡಿದೆ. ನಿಜ ಹೇಳಬೇಕೆಂದರೆ, ನನ್ನ ತಲೆನೋವು ತಪ್ಪಿತು ಎಂದು ಒಂದಿಷ್ಟು ಹಗುರವೂ ಆಯಿತು.

ಮಾರನೆಯ ದಿನ ಶಮೀಮ್ ಮೈದಾನದಲ್ಲಿ ಕಾಯುತ್ತಿದ್ದಳು.

"ಈ ಸಲ ನಿನ್ನ ಹೆಸರು ಬರ್ಲಿಲ್ಲ ಕಣೇ," ಎಂದೆ.

ಅವಳು ಅಳಲಿಲ್ಲ. "ನನ್ನ ಆಟದಲ್ಲಿ ಏನ್ ತಪ್ಪಿತ್ತು ಮಿಸ್? ಹೇಳಿ, ಸರಿ ಮಾಡ್ಕೋತೀನಿ," ಎಂದಳು.

ಏನಾದರೂ ಹೇಳಲೇಬೇಕಿತ್ತು. ಬಾಯಿಗೆ ಬಂದದ್ದನ್ನು ಹೇಳಿದೆ — "ಕಂಬದ ಹತ್ರ ನಿಧಾನ ಆಗ್ತೀಯ."

ಅವಳು ಯಾವುದರಲ್ಲಿ ಎಲ್ಲರಿಗಿಂತ ಮೇಲಿದ್ದಳೋ ಅದನ್ನೇ ನಾನು ದೋಷವೆಂದೆ. ಬೇಕೆಂದೇ ಆರಿಸಿದ್ದಲ್ಲ. ಆದರೆ ಬೇಕೆಂದೇ ಆರಿಸಿದ್ದರೂ ಇದಕ್ಕಿಂತ ಆಳವಾಗಿ ಇರಿಯಲು ಆಗುತ್ತಿರಲಿಲ್ಲ.

ಮುಂದಿನ ವಾರಗಳಲ್ಲಿ ಅವಳ ಬಲಗೈಗೆ ಬಟ್ಟೆ ಸುತ್ತಿದ್ದನ್ನು ನೋಡಿದೆ. ಏನಾಯಿತೇ ಎಂದರೆ ಏನಿಲ್ಲ ಮಿಸ್ ಎಂದಳು. ಆಟದಲ್ಲಿ ಕಂಬದ ಹತ್ತಿರ ಬಂದಾಗ ಅವಳ ಕಾಲು ತಡವರಿಸತೊಡಗಿತು — ಯೋಚಿಸಿ ಯೋಚಿಸಿ ಹೆಜ್ಜೆ ಇಡುವವರಂತೆ. ನಾನು ಹೇಳಿದ ಸುಳ್ಳು ನಿಜವಾಗುತ್ತಿತ್ತು. ಆಗಲೂ ನಾನು ಬಾಯಿ ಬಿಡಲಿಲ್ಲ. ಹತ್ತನೇ ತರಗತಿಗೆ ಬಂದ ಮೇಲೆ ಅವಳು ಮೈದಾನಕ್ಕೆ ಬರುವುದನ್ನೇ ಬಿಟ್ಟಳು. ಓದು ಮುಗಿಸಿದಳು, ಮದುವೆಯಾಯಿತು ಎಂದು ಕೇಳಿದೆ.

ಕೆಲವು ವರ್ಷಗಳ ನಂತರ ಒಂದು ಮಧ್ಯಾಹ್ನ, ತವರಿನಿಂದ ಬಂದು ಯಶವಂತಪುರ ಸ್ಟೇಷನ್ನಿನಲ್ಲಿ ಇಳಿದೆ. ಟ್ರಂಕು, ಜೊತೆಗೆ ಕಂಕುಳಲ್ಲಿ ಮಗು. ಜಟಕಾದವರೊಬ್ಬರು ಓಡಿ ಬಂದು ಟ್ರಂಕನ್ನು ಎತ್ತಿಕೊಂಡರು. ಗಾಡಿ ಹೊರಟ ಮೇಲೆ ತಿರುಗಿ ನೋಡಿ, "ನೀವು ಆಟದ ಟೀಚರಮ್ಮ ಅಲ್ವಾ? ನಾನು ಶಮೀಮ್ ಅಪ್ಪ," ಎಂದರು.

ಶಮೀಮ್ ಹೇಗಿದ್ದಾಳೆ ಎಂದು ಕೇಳಿದೆ. ಆರ್.ಟಿ. ನಗರದಲ್ಲಿದ್ದಾಳೆ, ಹೆಣ್ಣು ಮಗುವಾಗಿದೆ ಎಂದರು. ಆಮೇಲೆ ತಾವಾಗಿಯೇ ಮಾತು ತೆಗೆದರು.

"ಒಂದ್ಸಲ ಮೈಸೂರಿಗೆ ಆಟಕ್ಕೆ ಕಳಿಸ್ಬೇಕಾಗುತ್ತೆ ಅಂತ ಹೇಳ್ತಿದ್ಲು ಟೀಚರಮ್ಮ. ಅವಳ ಅಮ್ಮಂಗೆ ಭಯ. ನಾನೇ ಒಪ್ಪಿಸಿದ್ದೆ. ನೀನೂ ಜೊತೇಲಿ ಹೋಗಿ ಬಾ, ಮೈಸೂರಲ್ಲಿ ನಿನ್ನ ತಂಗಿ ಇದ್ದಾಳಲ್ಲ ಅಂದೆ. ಒಂದು ಜೊತೆ ಹೊಸ ಬಟ್ಟೆನೂ ಹೊಲಿಸಿಟ್ಟಿದ್ವಿ. ಹೆಸರೇ ಬರ್ಲಿಲ್ಲ."

ಕುದುರೆ ತನ್ನ ಪಾಡಿಗೆ ನಡೆಯುತ್ತಿತ್ತು. ನನಗೆ ಇಳಿದು ಓಡಿಹೋಗಬೇಕೆನ್ನಿಸಿತು.

"ನೀವೇನೋ ಹೇಳಿದ್ರಂತೆ, ಕಂಬದ ಹತ್ರ ನಿಧಾನ ಅಂತ. ನಮ್ಮ ಲಾಯದಲ್ಲಿ ಕುದುರೆ ಕಟ್ಟೋ ಕಂಬ ಇದೆ. ಕುದುರೆ ಬಿಚ್ಚಿ ನಾನು ಗಾಡಿ ಹೂಡೋಕೆ ಹೊರಟ್ರೆ ಸಾಕು, ಇವಳು ಅದರ ಸುತ್ತ ತಿರುಗೋಳು. ಅಂಗೈ ಕಿತ್ತೋಗಿತ್ತು. ಬೇಡ ಬೇಟಿ ಅಂದ್ರೆ, ಮಿಸ್ ಹೇಳಿದ್ದಾರೆ ಅಬ್ಬಾ, ಮುಂದಿನ ವರ್ಷಕ್ಕೆ ಸರಿ ಹೋಗ್ಬೇಕು ಅನ್ನೋಳು. ಪಾಪ, ಅವಳಿಗೆ ಬರ್ಲಿಲ್ಲ. ಏನ್ಮಾಡೋದು, ನೀವು ನಿಮ್ಮ ಕೈಲಾದಷ್ಟು ಕಲಿಸಿದ್ರಿ."

ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಮನುಷ್ಯ ನನಗೆ ಕೃತಜ್ಞತೆ ಹೇಳುತ್ತಿದ್ದರು. ಮತ್ತಿಕೆರೆ ಬರುವವರೆಗೂ ನನಗೆ ಸಮಯವಿತ್ತು. ನಿಮ್ಮ ಮಗಳ ಹೆಸರು ಬಂದಿತ್ತು, ಅದೂ ಮೊದಲನೆಯದು, ಎಂದು ಹೇಳಲು ಎಷ್ಟು ಹೊತ್ತು ಬೇಕು? ಹೇಳಲಿಲ್ಲ. ಟ್ರಂಕನ್ನು ಬಾಗಿಲ ತನಕ ತಂದಿಟ್ಟು ಸಲಾಂ ಮಾಡಿ ಹೋದರು.

ಆ ವರ್ಷದಿಂದ, ಆಯ್ಕೆಯಾದ ಪ್ರತಿಯೊಬ್ಬ ಹುಡುಗಿಯ ಮನೆಗೂ ನಾನೇ ಹೋಗತೊಡಗಿದೆ. ಹೆಬ್ಬಾಳದ ಆಚೆಯ ಹಳ್ಳಿಗಳಿಗೂ ಹೋದೆ. ಬಾಗಿಲಲ್ಲೇ ನಿಲ್ಲಿಸಿದವರಿದ್ದರು, ಕಾಫಿ ಕೊಟ್ಟು ಬೇಡ ಎಂದವರಿದ್ದರು. ಖಂಡಿತ ಬೇಡ ಎನ್ನುತ್ತಾರೆಂದು ನಾನು ಎಣಿಸಿದ್ದ ಅಜ್ಜಿಯೊಬ್ಬಳು, "ಓಗ್ಲಿ ಬುಡ್ರವ್ವ, ನಾವಂತೂ ಓಗ್ಲಿಲ್ಲ," ಎಂದು ಮೊಮ್ಮಗಳ ಬೆನ್ನು ತಟ್ಟಿದಳು. ಯಾರು ಏನೆನ್ನುತ್ತಾರೆಂದು ಬಾಗಿಲು ತಟ್ಟುವ ಮೊದಲು ಹೇಳಲು ಬರುವುದೇ ಇಲ್ಲ — ಇಷ್ಟು ಕಲಿಯಲು ನನಗೆ ಒಂದು ಹುಡುಗಿ ಬೇಕಾದಳು. ನೂರು ಮನೆ ತಿರುಗಿದವಳು ಆ ಹತ್ತು ನಿಮಿಷದ ದಾರಿಯ ಮನೆಗೆ ಮಾತ್ರ ಹೋಗಲಿಲ್ಲ.

ಕೊನೆಗೆ ಅವಳೇ ಬಂದಳು. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ತಂದೆ ತೀರಿಕೊಂಡ ಮೇಲೆ ತಾಯಿಯ ಜೊತೆಗಿರಲು ಸಂಸಾರ ಸಮೇತ ಯಶವಂತಪುರಕ್ಕೆ ಮರಳಿದ್ದಳಂತೆ. ಮೈದಾನದ ಅಂಚಿನಲ್ಲಿ ಹತ್ತು ವರ್ಷದ ಮಗಳ ಕೈ ಹಿಡಿದು ನಿಂತಿದ್ದಳು.

"ಇವಳು ನಸ್ರೀನ್ ಮಿಸ್. ಇಲ್ಲೇ ಐದನೇ ಕ್ಲಾಸಿಗೆ ಸೇರ್ಸಿದೀನಿ. ಇಡೀ ದಿನ ಓಡ್ತಾನೇ ಇರ್ತಾಳೆ. ಇವಳಿಗೆ ನಿಜವಾಗ್ಲೂ ಆಟ ಬರುತ್ತಾ ಅಂತ ನೀವೇ ಮೊದ್ಲು ನೋಡಿ ಹೇಳ್ಬಿಡಿ. ನನ್ ತರ ಸುಮ್ನೆ ಆಸೆ ಇಟ್ಕೊಳ್ಳೋದ್ ಬೇಡ."

ನಸ್ರೀನ್‌ಳನ್ನು ಉಳಿದ ಮಕ್ಕಳ ಜೊತೆ ಓಡಲು ಕಳಿಸಿದೆ. ಆಮೇಲೆ ಹೇಳಿದೆ. ಪಟ್ಟಿ, ಮೊದಲ ಹೆಸರು, ಕ್ಯಾಪ್ಟನ್, ಹೆಡ್‌ಮಿಸ್ಟ್ರೆಸ್ ಮುಂದೆ ನಾನು ಆಡಿದ ಮಾತು, ಅವಳ ತಂದೆಯ ಗಾಡಿಯಲ್ಲಿ ಆಡದೆ ನುಂಗಿದ ಮಾತು — ಒಂದನ್ನೂ ಬಿಡಲಿಲ್ಲ.

ಕ್ಯಾಪ್ಟನ್ ಎಂದದ್ದು ಅವಳ ಕಿವಿಗೆ ಬಿದ್ದಂತೆಯೇ ಕಾಣಲಿಲ್ಲ.

"ಅಂದ್ರೆ... ಕಂಬದ ಹತ್ರ ನಾನು ನಿಧಾನ ಇರ್ಲಿಲ್ವಾ?"

"ಇಲ್ಲ ಶಮೀಮ್. ನಿನ್ನಷ್ಟು ಚೆನ್ನಾಗಿ ತಿರುಗಿದವ್ರನ್ನ ಇವತ್ತಿನ ತನಕ ನಾನು ನೋಡಿಲ್ಲ."

"ಅಬ್ಬಾಗಾದ್ರೂ ಹೇಳ್ಬೋದಿತ್ತು ಮಿಸ್. ಮೊಮ್ಮಗಳಿಗೆ ಕೊನೇ ತನಕ ಹೇಳ್ತಿದ್ರು — ನಿಮ್ಮಮ್ಮ ಆಸೆಪಟ್ಲು, ಪಾಪ, ಅವಳಿಗೆ ಬರ್ಲಿಲ್ಲ ಅಂತ."

ನಾನು ಕೈ ಹಿಡಿಯಲು ಹೋದೆ. ಅವಳು ಹಿಂದೆ ಸರಿದಳು. ಒರಟಾಗಿ ಅಲ್ಲ, ಆದರೆ ಸರಿದಳು.

ಮಗಳನ್ನು ಕರೆದುಕೊಂಡು ಹೋಗಿಬಿಡುತ್ತಾಳೆ ಎಂದುಕೊಂಡೆ. ಅವಳು ಹೋಗಲಿಲ್ಲ. ದುಪಟ್ಟಾದ ತುದಿಯಿಂದ ಕಣ್ಣೊರೆಸಿಕೊಂಡು, "ಇವಳನ್ನ ಬಿಟ್ಟು ಹೋಗ್ತೀನಿ. ಏನೇ ಇದ್ರೂ ಇವಳಿಗೇ ನೇರವಾಗಿ ಹೇಳಿ. ನಂಗೂ ಅಲ್ಲ, ಅವರಪ್ಪಂಗೂ ಅಲ್ಲ. ಮೊದ್ಲು ಇವಳಿಗೆ," ಎಂದಳು.

ನಸ್ರೀನ್ ಏದುಸಿರು ಬಿಡುತ್ತಾ ಬಂದಳು. ನಾನು ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತು, "ಓಟ ಚೆನ್ನಾಗಿದೆ ಪುಟ್ಟಿ. ಶುರು ಮಾಡುವಾಗ ಮಾತ್ರ ತುಂಬಾ ನೆಟ್ಟಗೆ ನಿಲ್ತೀಯ. ಸ್ವಲ್ಪ ಮುಂದಕ್ಕೆ ಬಾಗ್ಬೇಕು," ಎಂದೆ.

ಶಮೀಮ್ ನನ್ನ ಮುಖ ನೋಡಿದಳು, ಆಮೇಲೆ ಮಗಳಿಗೆ ಮತ್ತೆ ಓಡಲು ಹೇಳಿದಳು. ನಸ್ರೀನ್ ಇನ್ನೂ ಮೂರು ಸಲ ಓಡಿದಳು. ಪ್ರತಿ ಸಲವೂ ಶುರುವಿನಲ್ಲಿ ಅವಳ ಬೆನ್ನನ್ನೇ ಕಣ್ಣಿಟ್ಟು ನೋಡಿ, ನನ್ನ ಮಾತು ನಿಜವೇ ಎಂದು ತಾನೇ ಖಾತ್ರಿ ಮಾಡಿಕೊಂಡ ಮೇಲೆಯೇ ಶಮೀಮ್ ಗೇಟಿನತ್ತ ಹೊರಟಳು.