ಅಪ್ಪನ ಅಕ್ಷರಗಳನ್ನು ಅಳಿಸಿದ ದಿನ

ನಾನು ಕೆಲಸಕ್ಕಿದ್ದ ಡಿಟಿಪಿ ಅಂಗಡಿ ಗುಂಡ್ಲುಪೇಟೆ ಬಸ್ ನಿಲ್ದಾಣದ ಎದುರಿಗಿತ್ತು. ತೊಂಬತ್ತರ ದಶಕದ ಕೊನೆಯ ವರ್ಷಗಳು. ಲಗ್ನಪತ್ರಿಕೆ, ಕರಪತ್ರ, ತಿಥಿ ಕಾರ್ಡು ಎಲ್ಲವನ್ನೂ ಅಲ್ಲಿದ್ದ ಒಂದೇ ಕಂಪ್ಯೂಟರಿನಲ್ಲಿ ನಾನೇ ಟೈಪು ಮಾಡುತ್ತಿದ್ದೆ. ಅದರೊಳಗಿನ ಕನ್ನಡ ಅಕ್ಷರಗಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಒತ್ತಕ್ಷರಗಳು ಒಂದರ ಮೇಲೊಂದು ಬಿದ್ದು, ವಧುವಿನ ಹೆಸರೇ ಓದಲಾಗುತ್ತಿರಲಿಲ್ಲ.

ಅಪ್ಪ ಬೋರ್ಡು ಬರೆಯುವವರು. ಹಂಗಳದ ನಮ್ಮ ಮನೆಯ ಮುಂದೆ ಲಾರಿಗಳು ನಿಂತು ಹೆಸರು ಬರೆಸಿಕೊಂಡು ಹೋಗುತ್ತಿದ್ದವು. ಕೇರಳಕ್ಕೆ ಹೋಗುವವಕ್ಕೆ ಮಲಯಾಳದಲ್ಲೂ ಬರೆದುಕೊಡುತ್ತಿದ್ದರು. ಅವರ ಕುಂಚದ ಕನ್ನಡ ಕಂಪ್ಯೂಟರಿನಲ್ಲಿ ಬರಬೇಕೆಂದು ನನಗೆ ಹಟ ಹುಟ್ಟಿತು. ಅಪ್ಪ ಚಾರ್ಟ್ ಹಾಳೆಯ ಮೇಲೆ ದೊಡ್ಡದಾಗಿ ಬರೆದುಕೊಟ್ಟರು. ಮಾಲೀಕರು ಮಧ್ಯಾಹ್ನ ಊಟಕ್ಕೆ ಹೋದಾಗಲೆಲ್ಲ ನಾನು ಒಂದೊಂದೇ ಅಕ್ಷರವನ್ನು ಸ್ಕ್ಯಾನ್ ಮಾಡಿ, ಮೌಸಿನಿಂದ ಅಂಚು ತಿದ್ದುತ್ತ ಕೂತೆ. 'ಳ'ದ ಸುರುಳಿಯೊಂದೇ ವಾರಗಟ್ಟಲೆ ಕಾಡಿತು. ಹೀಗೆ ವರ್ಷದ ಮೇಲಾಯಿತು.

ಇದು ಮಾಲೀಕರಿಗೆ ಗೊತ್ತಿತ್ತು. ಆ ಅಕ್ಷರದಲ್ಲಿ ಮಾಡಿದ ಒಂದು ಲಗ್ನಪತ್ರಿಕೆ ನೋಡಿ, "ಅಂಗ್ಡಿಗೆ ಹೆಸ್ರು ಬತ್ತದೆ ಕಣಮ್ಮ" ಎಂದಿದ್ದರು. ಆದರೆ ಒಂದು ಫ್ಲಾಪಿಗೆ ಹಾಕಿಟ್ಟುಕೊಳ್ಳುತ್ತೇನೆ ಎಂದು ಎಷ್ಟು ಸಲ ಕೇಳಿದರೂ ಬಿಡಲಿಲ್ಲ. ಫ್ಲಾಪಿಯಿಂದ ವೈರಸ್ ಬರುತ್ತದಂತೆ, ಕೆಲಸದವರು ಅದನ್ನು ಮುಟ್ಟಬಾರದಂತೆ.

ಕೊನೆಗೆ ವೈರಸ್ ಬಂತು. ಒಂದು ಭಾನುವಾರ ಮಾಲೀಕರ ಬಾಮೈದ ಅಂಗಡಿಯ ಬೀಗ ತೆಗೆದು, ಎಲ್ಲಿಂದಲೋ ತಂದ ಫ್ಲಾಪಿ ಹಾಕಿ ಆಟ ಆಡಿದ್ದ.

ಸೋಮವಾರ ನಾನು ಚಂದಕವಾಡಿಗೆ ಚಿಕ್ಕಮ್ಮನ ಮಗುವಿನ ನಾಮಕರಣಕ್ಕೆ ಹೋಗಿದ್ದೆ. ಮಂಗಳವಾರ ಬೆಳಿಗ್ಗೆ ಬಂದರೆ, ಮೈಸೂರಿನಿಂದ ಬಂದ ರಿಪೇರಿಯವನು ಚೀಲ ತುಂಬಿಕೊಳ್ಳುತ್ತಿದ್ದ. ಪರದೆಯ ಮೇಲೆ ಹೊಸ ವಿಂಡೋಸ್. ನನ್ನ ಫೋಲ್ಡರ್ ಇರಲಿಲ್ಲ.

"ಇದರಲ್ಲಿ ನನ್ನ ಅಕ್ಷರಗಳಿದ್ದವು" ಎಂದೆ.

ಅವನ ಮುಖ ಸಣ್ಣದಾಯಿತು. "ಉಳಿಸೋದು ಏನಾದ್ರೂ ಇದೆಯಾ ಅಂತ ಕೇಳ್ದೆ ಮೇಡಂ. ಮಾಲೀಕರು ಏನೂ ಇಲ್ಲ ಅಂದ್ರು."

"ವಾಪಸ್ ತರೋಕಾಗಲ್ವಾ?"

"ಬರೀ ಫಾರ್ಮ್ಯಾಟ್ ಮಾಡಿದ್ರೆ ಪ್ರಯತ್ನ ಮಾಡಬಹುದಿತ್ತು. ವೈರಸ್ಸಿನ ಸುಳಿವೂ ಇರಬಾರದು ಅಂದ್ರು. ಅದಕ್ಕೆ ಡಿಸ್ಕ್ ಪೂರ್ತಿ ಸೊನ್ನೆ ತುಂಬಿಸಿ, ಆಮೇಲೆ ವಿಂಡೋಸ್ ಹಾಕಿದೆ. ಇನ್ನು ಹಳೇದೇನೂ ಸಿಗಲ್ಲ."

ಮಾಲೀಕರು ಕುರ್ಚಿಯಿಂದ ಏಳಲೂ ಇಲ್ಲ. "ಅದ್ಯಾಕಮ್ಮಿ ಅಂಗೆ ನೋಡೀಯ? ಅಕ್ಸರ ತಾನೆ? ನಿಮ್ಮಪ್ಪ ಅವ್ನಲ್ಲಾ, ಇನ್ನೊಂದ್ಸಲ ಬರಿಸ್ಕೊ."

ಅಷ್ಟರಲ್ಲಿ ಪತ್ರಿಕೆ ಮಾಡಿಸಲು ಬಂದ ಗಂಡಿನ ಕಡೆಯವರು, "ಆ ಚೆಂದದ ಅಕ್ಷರದಲ್ಲೇ ಮಾಡ್ಕೊಡಿ" ಎಂದರು. ಮಾಲೀಕರು ಲೊಚಗುಟ್ಟಿ, "ಅದ ವೈರಸ್ ತಿಂದಾಕ್ಬುಡ್ತು ಸ್ವಾಮಿ" ಎಂದರು.

ಅಳಿಸಿದ್ದನ್ನಾದರೂ ನುಂಗಿಕೊಳ್ಳುತ್ತಿದ್ದೆನೇನೋ. ಈ ಸುಳ್ಳು ನುಂಗಲಾಗಲಿಲ್ಲ.

"ವೈರಸ್ ತಿಂದಿಲ್ಲ. ಇವರೇ ಅಳಿಸಿಸಿದ್ದು. ನನ್ನನ್ನ ಒಂದು ಮಾತು ಕೇಳಲಿಲ್ಲ" ಎಂದು ಬಂದವರಿಗೇ ಹೇಳಿದೆ. ಮಾಲೀಕರ ಮುಖ ಕೆಂಪಾಯಿತು. ಅವರು ಬಾಯಿ ತೆರೆಯುವ ಮೊದಲೇ ನಾನು ಊಟದ ಡಬ್ಬಿ ಎತ್ತಿಕೊಂಡು ಮೆಟ್ಟಿಲಿಳಿದೆ.

ಮನೆಯಲ್ಲಿ ಅಪ್ಪ ಕುಂಚ ತೊಳೆಯುತ್ತಿದ್ದರು. ಎಲ್ಲ ಕೇಳಿ, "ಬುಡು ಕಣಮ್ಮಿ. ನಾ ಬರ್ದ ಗ್ವಾಡೆಗೆ ಸುಣ್ಣ ಒಡೀತಾರೆ. ಅದ್ಕೆಲ್ಲ ಕ್ವಾಪ ಮಾಡ್ಕೊಂಡ್ರೆ ಆದದಾ?" ಎಂದರು.

ಆ ಸಮಾಧಾನ ನನ್ನನ್ನು ಇನ್ನಷ್ಟು ಕೆರಳಿಸಿತು. "ಸುಣ್ಣ ಹೊಡೆಯೋರು ನಿನ್ನ ಒಂದು ಮಾತು ಕೇಳ್ತಾರಾ?"

"ಯಾರ್ ಕೇಳಾರು?"

"ನಿಂಗೆ ಸಿಟ್ಟು ಬರಲ್ವಾ?"

ಅಪ್ಪ ಸೀಮೆಎಣ್ಣೆ ಡಬ್ಬದಲ್ಲಿ ಕುಂಚ ಆಡಿಸಿ, ಬಟ್ಟೆಗೆ ಒರೆಸಿದರು. "ಬತ್ತದೆ" ಎಂದರು ಆಮೇಲೆ, ನನ್ನ ಕಡೆ ನೋಡದೆ.

ಮುಂದಿನ ತಿಂಗಳು ಚಾಮರಾಜನಗರದ ಇನ್ನೊಂದು ಅಂಗಡಿ ಸೇರಿದೆ. ಫ್ಲಾಪಿ ಇಟ್ಟುಕೊಳ್ಳಲು ಬಿಟ್ಟರೆ ಮಾತ್ರ ಬರುತ್ತೇನೆ ಎಂದಾಗ ಅಲ್ಲಿಯವರು ಇವಳಿಗೆಷ್ಟು ಜಂಬ ಎಂಬಂತೆ ನೋಡಿ, ಒಪ್ಪಿದರು. ಅಪ್ಪನ ಹಳೆಯ ಹಾಳೆಗಳಿಂದಲೇ ಮತ್ತೆ ಶುರುಮಾಡಿದೆ. ಈ ಸಲ ಇನ್ನೂ ಹೆಚ್ಚು ಕಾಲ ಹಿಡಿಯಿತು. ಹಲ್ಲು ಕಚ್ಚಿಕೊಂಡು ಮಾಡಿದ ಕೆಲಸ. ಮೊದಲಿನದಕ್ಕಿಂತ ಚೆನ್ನಾಗಿದೆ ಎಂದು ಎಲ್ಲರೂ ಹೇಳಿದರು. ಇರಬಹುದು. ಹಾಗೆಂದವರ ಮೇಲೂ ನನಗೆ ಸಿಟ್ಟೇ ಬಂತು.