ಅಕ್ಕನ ಕೋಣೆಗೆ ಬಸ್ಸಿನ ಕಿಟಕಿ

ಸೀಟಣ್ಣ ಹೋಗಿ ಏಳು ತಿಂಗಳಾಯಿತು. ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಸೀಟು ಹೊಲಿದವನನ್ನು ಬೀದಿಯವರು ಬೇರೇನೆಂದು ಕರೆದಾರು? ಹರಿದ ರೆಕ್ಸಿನ್ ಬಿಚ್ಚುವುದು, ಕುಸಿದ ಸ್ಪಂಜು ಕಿತ್ತು ಹೊಸದು ತುಂಬುವುದು, ಎರಡೆರಡು ಹೊಲಿಗೆ ಹಾಕಿ ಬಸ್ಸಿಗೆ ಕೂರಿಸುವುದು ಅವನ ಕೆಲಸ. ಯಾರ ಮನೆಗೆ ಹೋದರೂ ಕುರ್ಚಿಯಲ್ಲಿ ಕೂರುವ ಮೊದಲು ಅಂಗೈಯಿಂದ ಒಮ್ಮೆ ಒತ್ತಿ ನೋಡುತ್ತಿದ್ದ. ನನಗೆ ಹೆಣ್ಣು ನೋಡಲು ಜೊತೆಗೆ ಬಂದಿದ್ದಾಗಲೂ ಹಾಗೇ ಒತ್ತಿ, "ಇದು ಇನ್ನೆರಡು ವರ್ಷ ಬಾಳಲ್ಲ" ಎಂದು ನನ್ನ ಮಾವನ ಎದುರಿಗೇ ಹೇಳಿದ್ದ. ಕುರ್ಚಿಯ ವಿಷಯ ಎಂದು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಬೇಸಿಗೆಯ ಒಂದು ಮಧ್ಯಾಹ್ನ, ಊಟ ಮುಗಿಸಿ ಬಂದು, ಸೂಜಿಗೆ ದಾರ ಪೋಣಿಸಿಟ್ಟುಕೊಂಡು, ಹೊಲಿಗೆ ಮೇಜಿನ ಮೇಲೆ ತಲೆಯಿಟ್ಟ. ಒಂದು ನಿದ್ದೆ ತೆಗೆಯುತ್ತಿದ್ದಾನೆ ಎಂದುಕೊಂಡು ಯಾರೂ ಎಬ್ಬಿಸಲಿಲ್ಲ. ಇದನ್ನು ಇದಕ್ಕಿಂತ ಉದ್ದವಾಗಿ ಬರೆಯಲು ನನಗೆ ಇನ್ನೂ ಆಗುವುದಿಲ್ಲ. ಹಾಗಾಗಿ ಅವನು ಕಳೆದ ವರ್ಷ ತನ್ನ ಮನೆಯನ್ನು ಚಳಿಗಾಲಕ್ಕೆ ಸಜ್ಜು ಮಾಡಿದ್ದನ್ನು ಹೇಳುತ್ತೇನೆ. ಅದರಲ್ಲಿ ಅವನು ಪೂರ್ತಿ ಸಿಗುತ್ತಾನೆ.

ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ಅವನ ಮನೆಯಲ್ಲಿ ಮೂರು ಜನ: ಅವನು, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಡತಿ, ಅವನಿಗಿಂತ ಹನ್ನೆರಡು ವರ್ಷ ದೊಡ್ಡವರಾದ ಅಕ್ಕ. ಅಕ್ಕನಿಗೆ ಮಂಡಿ ಹಿಡಿದು ಹೊರಗೆ ಓಡಾಟವಿಲ್ಲ. ಬೀದಿಗೆ ಮುಖ ಮಾಡಿದ ಮುಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತರೆ ಅವರಿಗೆ ಲೋಕ ಕೈಗೆಟುಕುತ್ತಿತ್ತು. ಅಂಚೆಯವಳ ಮಗಳ ಪರೀಕ್ಷೆ, ತರಕಾರಿಯವನ ಹಲ್ಲುನೋವು, ಎದುರಿನ ಕನ್ನಡಕದ ಅಂಗಡಿಯವನು ಅಂಗಡಿ ಎಷ್ಟು ತಡವಾಗಿ ತೆಗೆದ ಎಂಬುದು, ಎಲ್ಲವೂ ಆ ಕಿಟಕಿಯಿಂದಲೇ ಒಳಗೆ ಬರಬೇಕು. ಕೊರೆಯುವ ಗಾಳಿಯೂ ಅಲ್ಲಿಂದಲೇ ಬರುತ್ತಿತ್ತು. ಹಿಂದಿನ ವರ್ಷ ನ್ಯುಮೋನಿಯಾ ಆಗಿ ಅಕ್ಕ ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿ ಎದ್ದಿದ್ದರು.

ಅಕ್ಕನ ಮಗ ಬೇರೆ ಊರಿನಲ್ಲಿ ತೂಕ-ಅಳತೆ ಇಲಾಖೆಯಲ್ಲಿದ್ದಾನೆ. ಒಳ್ಳೆಯವನು, ಆದರೆ ಅಳೆಯದೆ ಯಾವುದನ್ನೂ ನಂಬುವವನಲ್ಲ. ಚಳಿ ಶುರುವಾಗುವ ತಿಂಗಳ ಮೊದಲೇ ಫೋನ್ ಮಾಡಿದ.

"ಮಾವ, ಮುಂದಿನ ತಿಂಗಳ ಕೊನೇ ಭಾನುವಾರ ಬರ್ತೀನಿ. ಅಮ್ಮನ ಕೋಣೆ ಬೆಚ್ಚಗಿದ್ರೆ ಸರಿ. ಇಲ್ಲಾಂದ್ರೆ ಕರ್ಕೊಂಡು ಬಂದುಬಿಡ್ತೀನಿ. ಆಮೇಲೆ ಬೇಜಾರು ಮಾಡ್ಕೋಬಾರದು."

ಅವನ ಮನೆ ಒಂಬತ್ತನೇ ಮಹಡಿಯಲ್ಲಿ. ಅಕ್ಕ ಅಲ್ಲಿ ಒಂದು ತಿಂಗಳು ಇದ್ದು ಬಂದಿದ್ದರು. "ಬೆಚ್ಚಗೇನೋ ಇದೆಯಪ್ಪ, ಮೊಟ್ಟೆ ಇಟ್ಟರೆ ಮರಿ ಆಗುತ್ತೆ. ಮಾತಾಡೋಕೆ ಒಂದು ನರಪಿಳ್ಳೆ ಇಲ್ಲ" ಎಂದಿದ್ದರು. ಸೀಟಣ್ಣನನ್ನು ಎತ್ತಿ ಆಡಿಸಿ, ಬೈದು, ಕೆಲಸ ಕಲಿಸಿ ದೊಡ್ಡವನನ್ನಾಗಿ ಮಾಡಿದವರು ಅವರೇ. ಅವರಿಲ್ಲದ ಮನೆ ಹೇಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ, ತಿಳಿದುಕೊಳ್ಳುವ ಆಸೆಯೂ ಇರಲಿಲ್ಲ.

ಹೀಟರ್ ಕೊಳ್ಳೋಣವೆಂದರೆ ಆ ಮನೆಯ ಹಳೇ ವೈರಿಂಗ್ ಇಸ್ತ್ರಿಪೆಟ್ಟಿಗೆಗೇ ಮುನಿಸಿಕೊಳ್ಳುತ್ತಿತ್ತು. ವೈರಿಂಗ್ ಬದಲಿಸಲು ಕೈಯಲ್ಲಿ ಕಾಸಿಲ್ಲ. "ಶಾಖ ಕೊಂಡು ತರೋದಕ್ಕಿಂತ ಇರೋದನ್ನ ಹೊರಗೆ ಬಿಡದೇ ಇರೋದು ಅಗ್ಗ" ಎಂದ ಸೀಟಣ್ಣ, ಮೊದಲು ಗಾಳಿ ಹುಡುಕಲು ಹೊರಟ.

ಒಂದು ಕಡ್ಡಿಯ ತುದಿಗೆ ಉಣ್ಣೆಯ ಎಳೆ ಕಟ್ಟಿಕೊಂಡು ಗೋಡೆಯ ಪಕ್ಕ ಪಕ್ಕದಲ್ಲೇ ಉಸಿರು ಬಿಗಿಹಿಡಿದು ನಡೆಯುತ್ತಿದ್ದ. ಎಳೆ ನಡುಗಿದ ಕಡೆ ಸೀಮೆಸುಣ್ಣದಿಂದ ಒಂದು ಗುರುತು. ಸಂಜೆಯ ಹೊತ್ತಿಗೆ ನಲವತ್ತೊಂದು ಗುರುತುಗಳಾದವು. ಅಂಗಡಿಯಿಂದ ಬಂದ ಹೆಂಡತಿ ಬಾಗಿಲಲ್ಲೇ ನಿಂತು ನೋಡಿದಳು.

"ಏನ್ರೀ, ನಮ್ಮನೇ ಗೋಡೆಗೆ ಸಿಡುಬು ಎದ್ದಿದೆ?"

"ನಿನ್ನ ಅಂಗಡೀಲಿ ಔಷಧಿ ಇದ್ರೆ ತಾ."

ಅವಳು ಔಷಧಿಯ ಬದಲು ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ತಂದಳು. ಅವನ್ನು ಬಿಡಿಸಿ ಅಕ್ಕನ ಕೋಣೆಯ ಜಮಖಾನದ ಕೆಳಗೆ ಎರಡು ಪದರ ಹಾಸಿದರು. ಡಿಪೋದಲ್ಲಿ ಕಸಕ್ಕೆ ಹೋಗುವ ಸ್ಪಂಜಿನ ಚೂರುಗಳನ್ನು ಸಾಹೇಬರ ಅಪ್ಪಣೆ ಪಡೆದೇ ತಂದು ಸಂದುಗಳಿಗೆ ತುರುಕಿದರು. ಹಳೇ ಪ್ಯಾಂಟಿನ ಕಾಲು ಕತ್ತರಿಸಿ, ಮರದ ಹೊಟ್ಟು ತುಂಬಿ, ಎರಡೂ ಬಾಯಿ ಹೊಲಿದು ಬಾಗಿಲ ಬುಡಕ್ಕೆ ಇಟ್ಟರು. ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವವನು. ನನ್ನ ಪಾಲಿಗೆ ಒಂದು ಕಾದಂಬರಿಯ ರದ್ದಿಯಾದ ಕರಡು ಹಾಳೆಗಳು. ತಣ್ಣನೆಯ ಹೊರಗೋಡೆಗೆ ಅವನ್ನು ಪದರ ಪದರವಾಗಿ ಅಂಟಿಸಿ ಮೇಲೆ ದಪ್ಪ ಬಟ್ಟೆ ಹೊಡೆಯುವುದೆಂದು ತೀರ್ಮಾನವಾಯಿತು. ಅಂಟಿಸುತ್ತಿದ್ದಂತೆ ಅಕ್ಕ ಕುರ್ಚಿಯಲ್ಲಿ ಕೂತೇ ಓದತೊಡಗಿದರು.

"ಲೋ ಪ್ರೂಫು, ಪುಟ ನಲವತ್ತೆರಡರಲ್ಲಿ ಅವಳು ಬಾಗಿಲು ತೆಗೆದಳು. ಮುಂದಿನ ಹಾಳೆ ಎಲ್ಲಿ?"

"ಅದು ಬೀರು ಹಿಂದೆ ಅಂಟಿಸಿಬಿಟ್ಟೆ ಅಕ್ಕ."

"ಹಾಗಾದ್ರೆ ಬೀರು ಸರಿಸು. ಬಾಗಿಲಾಚೆ ಯಾರಿದ್ರು ಅಂತ ನೋಡ್ದೆ ನನಗೆ ನಿದ್ದೆ ಬರಲ್ಲ."

ಬೀರು ಸರಿಸಿದೆವು. ಬಾಗಿಲಾಚೆ ಬರೀ ಹಾಲಿನವನಿದ್ದ. ಅಕ್ಕ ಲೇಖಕರಿಗೂ ನನಗೂ ಸೇರಿಸಿ ಬೈದರು.

ಕೆಲಸ ಶುರುವಾದ ಮೂರನೇ ಭಾನುವಾರ ಮುಂಬಾಗಿಲಿನ ಸರದಿ. ಸ್ಪಂಜು ಹಾಸಿ, ಮೇಲೆ ಕಂದು ರೆಕ್ಸಿನ್ ಎಳೆದು, ಸಾಲಾಗಿ ಗುಂಡಿ ಕೂರಿಸಿ ಸೀಟಣ್ಣ ಆ ಬಾಗಿಲನ್ನು ದೂರದೂರಿಗೆ ಹೋಗುವ ಬಸ್ಸಿನ ಸೀಟಿನಂತೆ ಮಾಡಿದ. ಬೀದಿಯವರು ಬಂದು ಒತ್ತಿ ನೋಡಿ ಹೋದರು. ಕನ್ನಡಕದ ಅಂಗಡಿಯವನು ಬೆನ್ನು ಆನಿಸಿ ನಿಂತೇ ಒಂದು ನಿಮಿಷ ಕಣ್ಣು ಮುಚ್ಚಿದ. ಎಲ್ಲ ಮುಗಿದ ಮೇಲೆ ಬಾಗಿಲು ಹಾಕಲು ಹೋದರೆ, ಅದು ಮುಚ್ಚಲೊಲ್ಲದು.

ಸೀಟು ಕತ್ತರಿಸುವಾಗ ಸುತ್ತಲೂ ನಾಲ್ಕು ಬೆರಳು ರೆಕ್ಸಿನ್ ಹೆಚ್ಚು ಬಿಟ್ಟು, ಅಂಚು ಸುತ್ತಿಸಿ ಹಿಂದಕ್ಕೆ ಮಡಿಸಿ ಬಡಿಯುವುದು ಕ್ರಮ. ಮೂವತ್ತೊಂದು ವರ್ಷದ ಕೈ ಅದು. ಬಾಗಿಲಿಗೂ ಹಾಗೇ ಮಾಡಿತ್ತು. ಸೀಟು ಯಾವ ಚೌಕಟ್ಟಿನೊಳಗೂ ಹೋಗಿ ಕೂರಬೇಕಿಲ್ಲ, ಬಾಗಿಲು ಕೂರಬೇಕು ಎಂಬುದು ಆ ಕೈಗೆ ಹೊಳೆದಿರಲಿಲ್ಲ. ನಾವಿಬ್ಬರೂ ಭುಜ ಕೊಟ್ಟು ನೂಕಿದೆವು. ಬಾಗಿಲು ಮೆತ್ತಗೆ ನಮ್ಮನ್ನೇ ಹಿಂದಕ್ಕೆ ನೂಕಿತು.

"ತುಂಬ ಚೆನ್ನಾಗಿದೆ ರೀ," ಎಂದಳು ಹೆಂಡತಿ. "ಇಷ್ಟು ವರ್ಷ ಗಾಳಿ ಸಂದೀಲಿ ನುಸುಳಿ ಬರ್ತಿತ್ತು, ಪಾಪ. ಈಗ ನೆಟ್ಟಗೆ ನಡ್ಕೊಂಡು ಬರಬಹುದು."

"ಬಿಚ್ಚಬೇಕಾ?" ಎಂದ ಅವನು, ಹಲ್ಲು ಕೀಳಿಸಲು ಬಂದವನ ಮುಖ ಮಾಡಿಕೊಂಡು. ತಾನು ಹಾಕಿದ್ದನ್ನು ತಾನೇ ಬಿಚ್ಚಿದ್ದು ಅವನ ಬದುಕಿನಲ್ಲೇ ಇರಲಿಲ್ಲ. ಕೊನೆಗೆ ಬ್ಲೇಡು ಹಿಡಿದು ಅಂಚು ಬಿಡಿಸಿದವಳು ಅವಳೇ. ಅವನು ಅಷ್ಟು ಹೊತ್ತೂ ನಮ್ಮ ಮನೆಗೆ ಬಂದು ಗೋಡೆ ನೋಡುತ್ತ ಚಹಾ ಕುಡಿದ.

ಇದು ತಮಾಷೆಯಾಗಿ ಮುಗಿಯಿತು. ಕಿಟಕಿಯದು ಹಾಗೆ ಮುಗಿಯಲಿಲ್ಲ.

ಅಕ್ಕನ ಕಿಟಕಿಯ ಎರಡು ಮರದ ಕದಗಳೂ ಸೊಟ್ಟಗಾಗಿ ಒಂದನ್ನೊಂದು ಮುಟ್ಟುತ್ತಿರಲಿಲ್ಲ. ಏನು ತುರುಕಿದರೂ ಅವರು ದಿನಕ್ಕೆ ಇಪ್ಪತ್ತು ಸಲ ತೆಗೆದು ಹಾಕುವಾಗ ಉದುರುತ್ತಿತ್ತು. ಮಗ ಬರಲು ಹದಿನೈದು ದಿನ ಉಳಿದಿತ್ತು. ಸೀಟಣ್ಣ ಒಂದು ಹಲಗೆಗೆ ಸ್ಪಂಜು ಹೊದಿಸಿ ಇಡೀ ಕಿಟಕಿಯನ್ನೇ ಮುಚ್ಚಿ ಮೊಳೆ ಹೊಡೆದ. ಕೋಣೆ ಬೆಚ್ಚಗಾಯಿತು, ನಿಜವಾಗಿಯೂ. ಹಗಲಲ್ಲೂ ದೀಪ ಹಾಕಬೇಕಿತ್ತು, ಅಷ್ಟೇ.

ಅಕ್ಕ ಎರಡು ದಿನ ಆ ಹಲಗೆಯ ಎದುರಿಗೇ ಕುರ್ಚಿ ಹಾಕಿಕೊಂಡು ಕೂತರು. ಮೂರನೆಯ ದಿನ ನಾನು ಹೋದಾಗ ಮಂಚದ ಮೇಲೆ ಸೀರೆಗಳನ್ನು ಮಡಿಸಿ ಚೀಲಕ್ಕೆ ತುಂಬುತ್ತಿದ್ದರು. ಸೀಟಣ್ಣ ಬಾಗಿಲಲ್ಲಿ ನಿಂತಿದ್ದ.

"ಏನಕ್ಕ ಇದು? ಬೆಚ್ಚಗಿಲ್ವಾ?"

"ಬೆಚ್ಚಗಿದೆ ಕಣೋ. ಬೆಚ್ಚಗೆ ಬಾಯಿ ಮುಚ್ಕೊಂಡು ಕೂರೋದೇ ಆದ್ರೆ ಮಗನ ಮನೇಲೇ ಕೂರ್ತೀನಿ. ಅಲ್ಲಿ ಲಿಫ್ಟಾದ್ರೂ ಇದೆ. ಅಂಚೆಯವಳು ನಿನ್ನೆ ಹಲಗೆ ಬಡಿದು ಬಡಿದು ಹೋದ್ಲು, ನಾನು ಇದ್ದೀನೋ ಇಲ್ವೋ ಅಂತ."

ಅವನು ಸುತ್ತಿಗೆ ತಂದು ಮೊಳೆಗಳನ್ನು ಒಂದೊಂದಾಗಿ ಕಿತ್ತ. ತಾನು ಹೊಡೆದದ್ದನ್ನು ತಾನೇ ಬಿಚ್ಚಿದ್ದು ಅವತ್ತೇ ಮೊದಲು. ಗಾಳಿ ಸುಯ್ಯನೆ ಒಳಗೆ ಬಂತು. ಅಕ್ಕ ಕೆಮ್ಮಿದರು, ಕೆಮ್ಮುತ್ತಲೇ ಚೀಲದಿಂದ ಒಂದು ಸೀರೆ ಹೊರಗೆ ತೆಗೆದರು.

ಮಾರನೇ ದಿನ ಕೆಲಸದಿಂದ ಬಂದವನ ಮುಖವೇ ಬೇರೆಯಾಗಿತ್ತು. ಡಿಪೋದ ಹಿಂಭಾಗದಲ್ಲಿ ಆಯಸ್ಸು ಮುಗಿದ ಬಸ್ಸುಗಳನ್ನು ಒಡೆದು ಗುಜರಿಯವನಿಗೆ ಕೊಡುತ್ತಾರೆ. ಊಟದ ಹೊತ್ತಿನಲ್ಲಿ ಅಲ್ಲಿ ಕೂತಿದ್ದಾಗ ಅವನ ಕಣ್ಣು ಒಂದು ಬಸ್ಸಿನ ಡ್ರೈವರ್ ಪಕ್ಕದ ಕಿಟಕಿಯ ಮೇಲೆ ಬಿದ್ದಿದೆ. ಕೈ ಹೊರಗೆ ಹಾಕಿ ಮಾತಾಡುವಷ್ಟೇ ಅಗಲ. ಗಾಜು ಪಕ್ಕಕ್ಕೆ ಜಾರುತ್ತದೆ. ಸುತ್ತಲೂ ರಬ್ಬರು, ಮುಚ್ಚಿದರೆ ಮಳೆಯೇ ಒಳಗೆ ಬರುವುದಿಲ್ಲ, ಗಾಳಿಯ ಪಾಡೇನು?

"ಡ್ರೈವರು ದಿನವಿಡೀ ಅದರಲ್ಲೇ ತಾನೇ ಬೀದಿಯವರನ್ನೆಲ್ಲ ಬೈಯೋದು," ಎಂದ ಸೀಟಣ್ಣ. "ಅಕ್ಕನಿಗೆ ಹೇಳಿ ಮಾಡಿಸಿದ ಹಾಗಿದೆ."

ಗುಜರಿಯವನು ತೂಕದ ಬೆಲೆಗೆ ಕೊಟ್ಟ. ಹಲಗೆಯನ್ನು ವ್ಯರ್ಥ ಮಾಡದೆ ಅದರಲ್ಲೇ ತೂತು ಕೊರೆದು, ಬಸ್ಸಿನ ಕಿಟಕಿಯನ್ನು ಚೌಕಟ್ಟಿನ ಸಮೇತ ಕೂರಿಸುವುದೆಂದಾಯಿತು. ಬೆಳಕಿಗೆಂದು ಮೇಲ್ಗಡೆ ಇನ್ನೊಂದು ಉದ್ದದ ಗಾಜು. ತೂತು ಎಷ್ಟು ಎತ್ತರದಲ್ಲಿರಬೇಕು? ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ ಅಳತೆ ಪಟ್ಟಿ ಹಿಡಿದ.

"ತಲೆ ನೆಟ್ಟಗಿಡಕ್ಕ."

"ಫೋಟೋ ತೆಗೀತಿದ್ದೀಯೇನೋ? ಮೊದಲೇ ಹೇಳಿದ್ರೆ ತಲೆ ಬಾಚ್ಕೋತಿದ್ದೆ."

"ಮಾತಾಡೋವಾಗ ಮುಂದಕ್ಕೆ ಬಾಗ್ತೀಯಾ, ಇಲ್ವಾ?"

"ಯಾರ ವಿಷಯ ಅನ್ನೋದರ ಮೇಲೆ ಹೋಗುತ್ತೆ."

ಎರಡು ಅಂಗುಲ ತಗ್ಗಿಸಿ ಗುರುತು ಹಾಕಿಕೊಂಡ.

ಕೊನೆಯ ಭಾನುವಾರ ಬೆಳಿಗ್ಗೆ ಮಗ ಬಂದ. ಕೋಟಿನ ಜೇಬಿನಿಂದ ಒಂದು ಉಷ್ಣಮಾಪಕ ತೆಗೆದು ಕಪಾಟಿನ ಮೇಲಿಟ್ಟು, ಎದುರಿಗೆ ಕುರ್ಚಿ ಹಾಕಿಕೊಂಡು ಕೂತ. ಹೊರಗೆ ಬೀದಿಯೆಲ್ಲ ಬೆಳ್ಳಗೆ ಮಂಜು ಕಟ್ಟಿತ್ತು. ಇಪ್ಪತ್ತು ನಿಮಿಷ ಕಾದೆವು. ಸೀಟಣ್ಣ ಎದ್ದು ಕೂತು ಎದ್ದು ಕೂತು ಮಾಡುತ್ತಿದ್ದ. ಕುರ್ಚಿ ಒತ್ತಿ ನೋಡುವುದನ್ನೂ ಮರೆತಿದ್ದ.

"ಇಪ್ಪತ್ತೊಂದು," ಎಂದ ಮಗ. "ಪರವಾಗಿಲ್ಲ."

ಅಷ್ಟರಲ್ಲಿ ತರಕಾರಿಯವನ ಕೂಗು ಕೇಳಿತು. ನಾವೆಲ್ಲ ಬೇಡ ಎನ್ನುವುದರೊಳಗೆ ಅಕ್ಕ ಗಾಜು ಸರಿಸಿಯೇಬಿಟ್ಟರು. ಹಲ್ಲಿನ ವಿಚಾರ ಕೇಳಿದರು, ಬಟಾಣಿ ತೂಗಿಸಿದರು, ಕಳೆದ ವಾರದ ಬಟಾಣಿಯಲ್ಲಿ ಹುಳ ಇದ್ದದ್ದನ್ನು ನೆನಪಿಸಿ ಒಂದು ಹಿಡಿ ಹೆಚ್ಚಿಗೆ ಹಾಕಿಸಿಕೊಂಡರು. ಗಾಜು ಮುಚ್ಚಿದಾಗ ಮಗ ಕಪಾಟಿನ ಮುಂದೆ ನಿಂತಿದ್ದ.

"ಹದಿನೇಳಕ್ಕೆ ಇಳೀತು ಮಾವ. ನಾನು ಹೇಳಿದ್ದು ಇದನ್ನೇ."

ಸೀಟಣ್ಣ ತಲೆ ತಗ್ಗಿಸಿದ. ಅವನು ಹಾಗೆ ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಉತ್ತರ ಕೊಟ್ಟವಳು ಅವನ ಹೆಂಡತಿ.

"ಇಳಿದಿದ್ದು ಅಳೆದಿರಿ. ಹತ್ತೋದನ್ನೂ ಅಳೆದು ಹೋಗಿ. ಅಲ್ಲಿವರೆಗೆ ಚಹಾ ಕುಡೀರಿ."

ಅವಳು ಚಹಾ ತಂದಳು. ಮಗ ಲೋಟ ಹಿಡಿದು ಉಷ್ಣಮಾಪಕವನ್ನೇ ಕಣ್ಣು ಕೀಳದೆ ನೋಡುತ್ತ ನಿಂತ. ಹದಿನೆಂಟು ಎಂದ. ಸ್ವಲ್ಪ ಹೊತ್ತಿಗೆ ಹತ್ತೊಂಬತ್ತು ಎಂದ. ಆಮೇಲೆ ತಾಯಿಯ ಕಡೆ ತಿರುಗಿದ. ಅವರು ಮಡಿಲಲ್ಲಿ ಬಟಾಣಿ ಸುರಿದುಕೊಂಡು ಬಿಡಿಸುತ್ತ, ತರಕಾರಿಯವನ ಹಲ್ಲು ಕಿತ್ತ ಡಾಕ್ಟರು ಎಂಥ ಕೈಗುಣದವನು ಎಂಬುದನ್ನು ವಿವರಿಸುತ್ತಿದ್ದರು. ಮಗ ಕೋಟು ಬಿಚ್ಚಿ ಗೂಟಕ್ಕೆ ಹಾಕಿದ.

"ಒಂದು ಸಲಕ್ಕೆ ಐದು ನಿಮಿಷ, ಅಷ್ಟೇ ಅಮ್ಮ" ಎಂದ.

"ಹತ್ತು," ಎಂದರು ಅಕ್ಕ.

ಆ ಚಳಿಗಾಲವೆಲ್ಲ ಅಕ್ಕ ಆಸ್ಪತ್ರೆಯ ಮುಖ ನೋಡಲಿಲ್ಲ. ಸೀಟಣ್ಣ ಹೋದದ್ದು ಅದರ ನಂತರದ ಬೇಸಿಗೆಯಲ್ಲಿ.

ಈಗ ಮತ್ತೆ ಗಾಳಿ ತಣ್ಣಗಾಗುತ್ತಿದೆ. ಈ ಸಲ ಮಗ ಏನೂ ಹೇಳಿಲ್ಲ. ಆದರೆ ಅಕ್ಕನಿಗೇ ಅನುಮಾನ ಹತ್ತಿದೆ. ತಮ್ಮನ ಮನೆ ಎಂದು ಇದ್ದೆ, ತಮ್ಮನೇ ಇಲ್ಲವಲ್ಲ ಎಂದು. ಮೊನ್ನೆ ನಾನು ಉಣ್ಣೆಯ ಎಳೆ ಹಿಡಿದು ಅವರ ಕೋಣೆಯ ಗೋಡೆ ನೋಡುತ್ತಿದ್ದೆ. ಅವನ ಹೆಂಡತಿ ಹೊದಿಕೆಗಳನ್ನು ಬಿಸಿಲಿಗೆ ಒಯ್ಯುತ್ತಿದ್ದಳು. ಅಕ್ಕ ಕೇಳಿಯೇಬಿಟ್ಟರು.

"ನಾನು ಇಲ್ಲಿರೋದು ನಿನಗೆ ಭಾರ ಆಗುತ್ತೇನೇ? ಹಾಗಿದ್ರೆ ಹೇಳಿಬಿಡು, ಮಗನಿಗೆ ಫೋನ್ ಮಾಡ್ತೀನಿ."

ಅವಳು ಹೊದಿಕೆಗಳನ್ನು ಇಳಿಸಲಿಲ್ಲ. ಗದ್ದದ ಕೆಳಗೆ ಒತ್ತಿ ಹಿಡಿದುಕೊಂಡೇ ಹೇಳಿದಳು.

"ಮಾಡಿ ಅತ್ತಿಗೆ. ಇಬ್ಬರು ಬರ್ತೀವಿ ಅಂತ ಹೇಳಿ. ಒಂದೇ ಕೋಣೆ ಕೊಟ್ರೆ ನಾನು ಗೋಡೆ ಪಕ್ಕ ಮಲಗಲ್ಲ, ಅದನ್ನೂ ಹೇಳಿ."

ಅಕ್ಕ ನನ್ನ ಕಡೆ ತಿರುಗಿ, ಆ ಮೂಲೆಯಲ್ಲಿ ಸರಿಯಾಗಿ ನೋಡು, ಸುಮ್ಮನೆ ಕಡ್ಡಿ ಆಡಿಸಬೇಡ ಎಂದು ಬೈದರು.